ಆರನೇ ಸ್ಪೀಕರ್ ಹಸಿರಾಗಿಯೇ ಇತ್ತು

2008ರ ಮಾರ್ಚ್ ತಿಂಗಳ ಒಂದು ಭಾನುವಾರ, ವನಗೂರಿನ ನನ್ನ ಬಾವಮೈದುನ ರಾಜೇಗೌಡನ ಕಾಫಿ ಒಣಗಿಸುವ ಕಣದಲ್ಲಿ ಅವನ ಹಿರಿಮಗಳ ಮದುವೆ ನಡೆಯಿತು. ಸುತ್ತ ಎಂಟು ಸ್ಪೀಕರ್‌ಗಳಿದ್ದವು. ತಾಳಿ ಕಟ್ಟುವ ಹೊತ್ತಿನಲ್ಲಿ ಎಂಟರಲ್ಲಿ ಒಂದರಿಂದಲೂ ಒಂದಕ್ಷರ ಹೊರಬರಲಿಲ್ಲ. ಎಂಟರ ಉಸ್ತುವಾರಿಯೂ ನನ್ನದಾಗಿತ್ತು.

ನಾನು ಸಕಲೇಶಪುರದಲ್ಲಿ ಪತ್ರಿಕೆಯೊಂದರ ವರದಿಗಾರ. ಸುದ್ದಿಯನ್ನು ಇ-ಮೇಲ್‌ನಲ್ಲಿ ಕಳಿಸುತ್ತೇನೆ. ಹೆಂಡತಿಯ ತವರಿನಲ್ಲಿ ಇದಕ್ಕೆ 'ಕಂಪ್ಯೂಟರ್ ಬಲ್ಲವನು' ಎಂದರ್ಥ. ಆಲೂರಿನಿಂದ ಹೊಸ ಮೈಕ್ ಸೆಟ್ ತಂದಿದ್ದ ಮಂಜಣ್ಣನಿಗೆ ಅದೇ ಮುಹೂರ್ತದಲ್ಲಿ ಇನ್ನೊಂದು ಮದುವೆಯಿತ್ತು. ಅವನು ಎಂಟೂ ಸ್ಪೀಕರ್‌ಗಳಿಂದ ವೈರು ಎಳೆದು ಕಣದ ಪಕ್ಕದ ಕಾಫಿ ಸ್ಟೋರಿನೊಳಗಿನ ಕಂಪ್ಯೂಟರಿಗೆ ಸೇರಿಸಿ, ಪರದೆಯ ಮೇಲೆ ಎಂಟು ಚೌಕ ತೋರಿಸಿದ. ಹಸಿರಿದ್ದರೆ ಸರಿ, ಹಳದಿಯಾದರೆ ಬಿಸಿ, ಕೆಂಪಾದರೆ ಬಂದ್. ಸೌಂಡು ಏರಿಸುವುದು ಇಳಿಸುವುದು ಎಲ್ಲ ಅಲ್ಲಿಂದಲೇ.

"ನೀವು ಕುರ್ಚಿ ಬುಟ್ಟು ಏಳೋದೇ ಬ್ಯಾಡ ಸಾರ್" ಎಂದು ಹೇಳಿ ಜೀಪು ಹತ್ತಿದ. ಈ ಸೂಚನೆಯನ್ನು ನಾನು ಚಾಚೂತಪ್ಪದೆ ಪಾಲಿಸಿದೆ.

ಆರನೆಯ ಸ್ಪೀಕರ್ ನನ್ನ ಅತ್ತೆಗೆಂದೇ ಇಟ್ಟದ್ದು. ಎಂಬತ್ತು ದಾಟಿದ ಅವರಿಗೆ ಕಿವಿ ಮಂದ. ಮಂಡಿನೋವಿನಿಂದ ಜಗಲಿಯಿಂದ ಕಣಕ್ಕೆ ಇಳಿಯುವ ಮೆಟ್ಟಿಲು ಆಗದು. ಎತ್ತಿಕೊಂಡು ಹೋಗುತ್ತೇವೆ ಎಂದರೆ ಒಪ್ಪಲಿಲ್ಲ. ಮೊಮ್ಮಗಳ ಗಟ್ಟಿಮೇಳ ಕಿವಿಗೆ ಬೀಳುವ ತನಕ ಹನಿ ಕಾಫಿಯನ್ನೂ ಮುಟ್ಟುವುದಿಲ್ಲವೆಂದು ಹಿಂದಿನ ದಿನವೇ ಘೋಷಿಸಿದ್ದರು. ಹಾಗಾಗಿ ಆರನೆಯದನ್ನು ಜಗಲಿಯ ಕೆಳಗೆ ಕಣದ ಮೂಲೆಯಲ್ಲಿ, ನೆರಳಿನಲ್ಲಿ, ಅವರತ್ತ ಮುಖ ಮಾಡಿ ನಿಲ್ಲಿಸಿದ್ದೆವು.

"ಅವ್ವಂಗೆ ಕೇಳ್ಬೇಕು ಬಾವ. ಮಿಕ್ಕೋರಿಗೆ ಕೇಳ್ದಿದ್ರೂ ನಡೀತೈತೆ" ಎಂದಿದ್ದ ರಾಜೇಗೌಡ.

ಹತ್ತೂವರೆಗೆ ಎಂಟೂ ಹಸಿರು. ಅಡುಗೆಯ ಹೊಗೆ ಬರುತ್ತದೆಂದು ಸ್ಟೋರಿನ ಬಾಗಿಲು ಹಾಕಿಕೊಂಡು ಕಾಫಿ ಮೂಟೆಗಳ ನಡುವೆ ಕುಳಿತಿದ್ದೆ. ಹೊರಗೆ ಕಬ್ಬಿಣದ ಹಳಿ ಬಡಿದ ಸದ್ದು ಕೇಳಿತು. ಮದುವೆಮನೆಯಲ್ಲಿ ಏನೇನೋ ಬಡಿಯುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮೂರನೇ ಚೌಕ ಹಳದಿಯಾಯಿತು. ಹಿಂದೆಯೇ ಐದು, ಏಳು. ಜೋರಾಗಿ ಕೂಗಿ ಕೂಗಿ ಬಿಸಿಯಾಗಿವೆ ಎಂದು ತೀರ್ಮಾನಿಸಿ ಅವುಗಳ ಸೌಂಡು ಇಳಿಸಿದೆ. ಆರನೆಯದು ಹಸಿರಾಗಿಯೇ ಇತ್ತು. ಅತ್ತೆಯ ವಿಷಯದಲ್ಲಿ ನಾನು ನಿಶ್ಚಿಂತನಾದೆ.

ಹೆಂಡತಿ ಸುಮಿತ್ರ ಬಂದು ಹೊರಗೆ ಏನೂ ಕೇಳಿಸುತ್ತಿಲ್ಲ ಎಂದಳು. ನಾನು ಪರದೆ ತೋರಿಸಿ, ಸೌಂಡು ಹೋಗುತ್ತಿರುವುದಕ್ಕೆ ಪುರಾವೆ ಇದೆ ಎಂದೆ.

"ಅದ್ರೊಳಗೆ ಹೋಗ್ತೈತೆ ಕಣ್ರೀ, ಹೊರಕ್ಕೆ ಬರ್ತಿಲ್ಲ. ಒಂದ್ಸಲ ಎದ್ದು ಬಂದು ನೋಡಿ."

ಸ್ಥಳಕ್ಕೆ ಹೋಗದೆ ವರದಿ ಬರೆಯಬೇಡಿ ಎಂದು ಹೊಸ ವರದಿಗಾರರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಎದ್ದು ಹೋಗಲಿಲ್ಲ. ಎಂಟನ್ನೂ ಕೊನೆಯ ಗೆರೆಯವರೆಗೆ ಏರಿಸಿದೆ.

ಆಮೇಲೆ ಬಾಗಿಲು ತೆರೆದವನು ರಾಜೇಗೌಡ. ಅವನ ತಲೆಯ ಮೇಲೆ ಅಕ್ಷತೆ ಇತ್ತು.

"ತಾಳಿ ಕಟ್ಟಾಯ್ತು ಬಾವ. ಅವ್ವ ಇನ್ನೂ ಕಾಯ್ತಾ ಕೂತೈತೆ."

ಹೊರಗೆ ಬಂದೆ. ಕಣದ ಸುತ್ತ ಎಂಟು ನೀಲಿ ಗುಡ್ಡೆಗಳಿದ್ದವು. ಒಳಗಿನಿಂದ ಜೇನುಗೂಡಿನಂತೆ ಗುಂಯ್ ಎನ್ನುತ್ತಿದ್ದವು.

ವಿಚಾರಿಸಿದಾಗ ತಿಳಿದದ್ದು ಇಷ್ಟು. ಬಿಸಿಲೆ ಘಾಟಿಯ ಕಡೆಯಿಂದ ಒಂದು ಮೋಡ ಬಂದಿದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಸೋಮಣ್ಣ ಅಭ್ಯಾಸಬಲದಿಂದ ಹಳಿ ಬಡಿದಿದ್ದಾನೆ. ಕಾಫಿ ಒಣಗುವ ಕಾಲದಲ್ಲಿ ಹಳಿ ಬಡಿದರೆ ಆ ಕಣದಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ. ಓಡಿಬಂದು ಕಣದಲ್ಲಿ ಇರುವುದನ್ನೆಲ್ಲ ಮುಚ್ಚುತ್ತಾರೆ. ತೋಟದ ಲೈನುಮನೆಗಳ ಕೆಲಸಗಾರರು ಮುಚ್ಚಿದರು. ನೆಂಟರಲ್ಲಿ ಅರ್ಧ ಜನ ಬೆಳೆಗಾರರು, ಅವರೂ ಎದ್ದರು. ವರನ ತಂದೆಯೇ ಟಾರ್ಪಾಲಿನ ಒಂದು ತುದಿ ಹಿಡಿದಿದ್ದರಂತೆ. ಕೆಳಗೆ ಎರಡೆರಡು ಗೋಣಿಚೀಲ, ಮೇಲೆ ಹಗ್ಗ, ಅಂಚಿಗೆ ಕಲ್ಲು. ಆರನೆಯದಕ್ಕೆ ಮೂರು ಗೋಣಿ. ಆ ಮೂರನೆಯ ಗೋಣಿಯನ್ನು ಹೇಳಿ ಹಾಕಿಸಿದವರು ಅತ್ತೆಯೇ.

ಮಳೆ ಬರಲಿಲ್ಲ.

ಎಂಟೂ ಟಾರ್ಪಾಲನ್ನು ಒಟ್ಟಿಗೆ ಎಳೆದರು. ಸೌಂಡು ಕೊನೆಯ ಗೆರೆಯಲ್ಲಿರುವುದು ನನಗೆ ನೆನಪಾಗುವ ಮೊದಲೇ ಪುರೋಹಿತರು ಮೈಕಿನ ಮುಂದೆ ಕೆಮ್ಮಿದರು. ಕೆಮ್ಮು ಕಣ ದಾಟಿ, ಏಲಕ್ಕಿ ತೋಟ ದಾಟಿ, ಎದುರು ಗುಡ್ಡಕ್ಕೆ ಬಡಿದು ವಾಪಸ್ ಬಂತು. ವಾಲಗದವರು ಡೋಲು ಕೆಳಗಿಟ್ಟರು.

"ಈಗ ಕೇಳ್ತು" ಎಂದರು ಅತ್ತೆ. "ಕೆಮ್ಮಿದ್ದು ಯಾರು?"

ಮದುವೆ ಮುಗಿಯಿತು, ಊಟ ಮಾಡಿ ಎಂದು ರಾಜೇಗೌಡ ಕೈಮುಗಿದ. ಸುಮಿತ್ರ ಗದರಿದಳು. ಅತ್ತೆ ಜಗ್ಗಲಿಲ್ಲ.

"ಕೆಮ್ಮಿದ್ ಕೇಳ್ಕಂಡು ಮದ್ವೆ ಆಯ್ತು ಅಂತ ಹೆಂಗ್ ಉಣ್ಲಪ್ಪ?"

ಆರನೇ ಸ್ಪೀಕರಿನಲ್ಲಿ ಗಟ್ಟಿಮೇಳವನ್ನು ಇನ್ನೊಮ್ಮೆ ಕೇಳಿಸಬಲ್ಲೆ ಎಂದು ನಾನು ಮುಂದೆ ಬಂದೆ. ಅವರು ಸ್ಪೀಕರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ನೀನು ಸುಮ್ಕೆ ಕೂತ್ಕಳಪ್ಪ. ಕೂತೇ ಇದ್ದೆಯಲ್ಲ."

ಮೂರು ಪಂಕ್ತಿ ಊಟವಾಯಿತು. ಅತ್ತೆ ಉಪವಾಸ. ಅವರ ಕಣ್ಣೆದುರು ಎಲೆ ಹಾಕಿಸಿಕೊಳ್ಳುವ ಧೈರ್ಯವಾಗದೆ ನಾನೂ ಉಪವಾಸ. ಮೂರು ಗಂಟೆಗೆ ವಾಲಗದವರು ಉಂಡು, ಎಲೆಅಡಿಕೆ ಹಾಕಿ, ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ಮದುಮಕ್ಕಳು ಜಗಲಿಯಲ್ಲಿ ನಿಂತರು. ವರ ಕಟ್ಟಿದ್ದ ತಾಳಿಯನ್ನೇ ಮತ್ತೊಮ್ಮೆ ಕೈಯಲ್ಲಿ ಹಿಡಿದ. ಅತ್ತೆಯ ಕಿವಿಯಿಂದ ಮೂರಡಿ ದೂರದಲ್ಲಿ ಗಟ್ಟಿಮೇಳ ನುಡಿಯಿತು. ಅವರು ಕಣ್ಣೊರೆಸಿಕೊಂಡು ಕಾಫಿ ಕೇಳಿದರು.

ಸಂಜೆ ಮಂಜಣ್ಣ ಬಂದು ಕಂಪ್ಯೂಟರಿನಲ್ಲಿ ಆ ದಿನದ ದಾಖಲೆ ತೆಗೆದು ನೋಡಿದ. ಎಂಟೂ ಸ್ಪೀಕರ್‌ಗಳು ಮುಹೂರ್ತದುದ್ದಕ್ಕೂ ಕೆಲಸ ಮಾಡಿವೆ, ಒಂದೂ ಕೆಟ್ಟಿಲ್ಲ ಎಂದಿತ್ತು.

ರಾಜೇಗೌಡನ ಎರಡನೇ ಮಗಳ ಮದುವೆ ಬರುವ ತಿಂಗಳು, ಅದೇ ಕಣದಲ್ಲಿ. ವಾಲಗದವರು ಜಗಲಿಯಲ್ಲೇ ಕೂರುತ್ತಾರೆ. ಯಾರಿಗೆ ಯಾವ ಕೆಲಸ ಎಂಬ ಪಟ್ಟಿಯನ್ನು ರೈಟರ್ ಸೋಮಣ್ಣ ಸ್ಟೋರಿನ ಬಾಗಿಲಿಗೆ ಅಂಟಿಸಿದ್ದಾನೆ. ನನ್ನ ಹೆಸರು ಟಾರ್ಪಾಲ್ ಹಿಡಿಯುವವರಲ್ಲಿದೆ.