ಹತ್ತು ನಿಮಿಷದ ನಿಯಮ

ಮಾತಾಡುವ ಹೆಂಡತಿಯ ಪಕ್ಕದಲ್ಲಿದ್ದುಕೊಂಡು ಮಾತಾಡದ ಯಂತ್ರದ ರೋಗ ಪತ್ತೆಹಚ್ಚುವುದು ಹೇಗೆಂದು ಯಾವ ಕೈಪಿಡಿಯಲ್ಲೂ ಬರೆದಿಲ್ಲ ಎಂಬುದು ಪಂಡಿತರ ಬಹುಕಾಲದ ದೂರು. (ಪಂಡಿತರೆಂದರೆ ವಿದ್ಯುತ್ ಕಾರುಗಳ ವರ್ಕ್‌ಶಾಪಿನ ಹಿರಿಯ ಮೆಕ್ಯಾನಿಕ್. ಊರಲ್ಲಿ ಯಾರ ಕಾರಿನಲ್ಲಿ ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ಹೊಂದಿಸಿಕೊಡುವ ಇನ್ವರ್ಟರ್ ಕೆಟ್ಟರೂ ಅವರ ಮುಂದೆಯೇ ಬಂದು ನಿಲ್ಲಬೇಕು.)

ಆ ಸೋಮವಾರ ಬೆಳಗ್ಗೆ ಮನೆ ಮುಂದೆ ನಿಂತದ್ದು ಅವರದೇ ಕಾರು. ಹನ್ನೊಂದಕ್ಕೆ ಅತ್ತೆಯ ಕಣ್ಣಿನ ಆಪರೇಷನ್. ಹೋದ ತಿಂಗಳೂ ಪಂಡಿತರು ಈ ಕಾರನ್ನು ಬಿಚ್ಚಿಟ್ಟುಕೊಂಡು ಕೂತು ಸರದಿ ತಪ್ಪಿಸಿದ್ದರು. ಇನ್ನೊಮ್ಮೆ ತಪ್ಪಿದರೆ ಮುಂದಿನ ಸರದಿಯವರೆಗೆ ಆಕೆಗೆ ಆರು ತಿಂಗಳು ಮಗಳ ಮುಖವೂ ಮಂಜೇ.

"ರೀ, ನಿಮ್ಮ ನಿನ್ನೆ ಪ್ಯಾಂಟಿನ ಜೇಬಲ್ಲಿ..."

"ಬಟ್ಟೆ ವಿಷಯ ಸಂಜೆ." ಪಂಡಿತರು ಕಾರಿಗೆ ಸಿಕ್ಕಿಸಿದ್ದ ಸ್ಕ್ಯಾನರಿನಿಂದ ತಲೆ ಎತ್ತಲಿಲ್ಲ. ಇನ್ವರ್ಟರಿಗೆ ಹೈ ವೋಲ್ಟೇಜ್ ತಲುಪುತ್ತಿಲ್ಲ ಎನ್ನುತ್ತಿತ್ತು ಅದು.

ಕಾಲು ಗಂಟೆ ಬಿಟ್ಟು ಹೆಂಡತಿ ಮತ್ತೆ ಬಂದಳು. "ಅಲ್ಲಾರೀ, ಕಿತ್ತಳೆ ಬಣ್ಣದ್ದು ಏನೋ..."

"ಇಪ್ಪತ್ತು ವರ್ಷ ಕಾರುಗಳ ಮಾತು ಕೇಳಿದ ಕಿವಿ ಕಣೇ ಇದು. ಮಧ್ಯೆ ಬಾಯಿ ಹಾಕ್ಬೇಡ."

"ಹೌದು, ಕಾರುಗಳದ್ದು ಕೇಳುತ್ತೆ," ಎಂದಳು.

ಹತ್ತೂವರೆಗೆ ಪಂಡಿತರು ತೀರ್ಪು ಕೊಟ್ಟರು: ಇನ್ವರ್ಟರ್ ಸತ್ತಿದೆ. ಆಕೆ ಮೆಟ್ಟಿಲ ಮೇಲೆ ಕೂತಿದ್ದ ತಾಯಿಯ ಕೈಹಿಡಿದು ಬಾಡಿಗೆ ಕಾರು ಹತ್ತಿದಳು.

ಪಂಡಿತರು ಶವಪರೀಕ್ಷೆಗೆ ಸಿದ್ಧರಾದರು. ಇನ್ವರ್ಟರ್ ಮುಟ್ಟುವ ಮೊದಲು ಬ್ಯಾಟರಿಯಿಂದ ವಿದ್ಯುತ್ ಹರಿಯದಂತೆ ಸರ್ವಿಸ್ ಪ್ಲಗ್ ಕೀಳಬೇಕು. ಬೇರೆ ಯಾರೂ ತಿರುಗಿ ಹಾಕದಂತೆ ಅದನ್ನು ಸ್ವಂತ ಜೇಬಿನಲ್ಲಿಟ್ಟುಕೊಳ್ಳಬೇಕು. ಒಳಗುಳಿದ ವಿದ್ಯುತ್ ಇಳಿಯಲು ಹತ್ತು ನಿಮಿಷ ಕಾಯಬೇಕು. ಈ ನಿಯಮವನ್ನು ಅವರು ಊಟದ ಹೊತ್ತಿನಲ್ಲೂ ಹೆಂಡತಿಗೆ ಬೋಧಿಸುತ್ತಿದ್ದರು. ಡಿಕ್ಕಿಯ ಚಾಪೆ ಎತ್ತಿದರು. ಪ್ಲಗ್ ಇರಬೇಕಾದ ಜಾಗ ಹಲ್ಲು ಬಿದ್ದ ಬಾಯಿಯಂತೆ ತೆರೆದಿತ್ತು.

ನಿನ್ನೆ, ಸುಮ್ಮನೆ ಒಮ್ಮೆ ನೋಡೋಣವೆಂದು ಅದನ್ನು ಕಿತ್ತವರು ಅವರೇ. ಊಟಕ್ಕೆ ಕರೆದಾಗ ಚಾಪೆ ಮುಚ್ಚಿ ಎದ್ದುಹೋದವರೂ ಅವರೇ.

ಹನ್ನೊಂದು ದಾಟಿದ ಮೇಲೆ ಆಕೆ ಪಂಡಿತರ ಫೋನ್ ಎತ್ತಿದಳು.

"ಆ ಕಿತ್ತಳೆ ಬಣ್ಣದ್ದು ಎಲ್ಲಿ?"

"ನನ್ನ ಬ್ಯಾಗಲ್ಲಿ. ಕಾರಲ್ಲಿ ಕೂತ ಮೇಲಾದ್ರೂ ನನ್ನ ಮಾತು ಕೇಳ್ತೀರಿ ಅಂತ ಇಟ್ಕೊಂಡಿದ್ದೆ. ಅಮ್ಮನ್ನ ಈಗ ತಾನೇ ಒಳಗೆ ಕರ್ಕೊಂಡು ಹೋದ್ರು."

"ನೀನು ಯಾವಾಗ ಬರ್ತೀಯ?"

"ಪ್ಲಗ್ ಕಿತ್ತ ಮೇಲೆ ಒಳಗಿರೋದು ಇಳಿಯೋವರೆಗೂ ಯಾರೂ ಮುಟ್ಟಬಾರದು ಅಂತ ನೀವೇ ಹೇಳ್ತೀರಲ್ಲ. ನಿಮ್ಮ ಕಾರಿಗೆ ಹತ್ತು ನಿಮಿಷ ಸಾಕು. ನಾನು ಅಮ್ಮನ ಮನೇಲಿರ್ತೀನಿ."

ಎಷ್ಟು ದಿನ ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಾಗಿತ್ತು. ಪಂಡಿತರು ಡಿಕ್ಕಿಯ ಅಂಚಿನಲ್ಲಿ ಕೂತರು. ಎದುರಿನ ಹಗ್ಗದ ಮೇಲೆ ನಿನ್ನೆಯ ಪ್ಯಾಂಟು, ಎರಡೂ ಜೇಬುಗಳನ್ನು ಹೊರಗೆಳೆದುಕೊಂಡು, ಒಣಗುತ್ತಿತ್ತು.