ಮುಖ್ವಾನನ ಕಾರಿನಲ್ಲಿ ಮಾವನ ಮಾತು

ಮುಖ್ವಾನ ಕೊಂಡ ಜಪಾನಿ ಕಾರಿಗೆ ಒಂದೇ ಒಂದು ಕೆಟ್ಟ ಚಾಳಿ. ನಿಂತರೆ ಸಾಕು, ನಿದ್ದೆ ಹೋಗುತ್ತಿತ್ತು.

ಬ್ರೇಕ್ ಒತ್ತಿ ನಿಲ್ಲಿಸಿದ ಕೂಡಲೇ ಎಂಜಿನ್ ತಾನಾಗಿ ಆರಿಹೋಗುತ್ತಿತ್ತು. ಕಾಲು ತೆಗೆದರೆ ತಾನಾಗಿ ಶುರುವಾಗುತ್ತಿತ್ತು. ಇದು ರೋಗವಲ್ಲ, ಪೆಟ್ರೋಲ್ ಉಳಿಸುವ ಉಪಾಯ ಎಂದು ಮೊಂಬಾಸಾದ ದಲ್ಲಾಳಿ ಆಣೆ ಹಾಕಿದ್ದ. ಆದರೆ ಎಂಜಿನ್ ಎದ್ದರೂ ಆಟೋಮ್ಯಾಟಿಕ್ ಗೇರು ಏಳಬೇಕಲ್ಲ! ಅದು ಹೋಗಲೋ ಬೇಡವೋ ಎಂದು ಮೀನಮೇಷ ಎಣಿಸಿ, ಹಿಂದಿನವರು ಹಾರ್ನ್ ಹೊಡೆದು ಬೈದು ಮುಗಿಸಿದ ಮೇಲೆ, ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯುತ್ತಿತ್ತು. ಈ ಉಪಾಯವನ್ನು ಬಂದ್ ಮಾಡುವ ಗುಂಡಿಯೊಂದು ಇದೆಯಂತೆ. ಗುಂಡಿಗಳ ಮೇಲೆಲ್ಲ ಜಪಾನಿ ಅಕ್ಷರ.

ಬುಂಗೋಮಾ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಮುಖ್ವಾನ ಇದನ್ನೆಲ್ಲ ಸಹಿಸಿಕೊಂಡಿದ್ದ. ಅವನಿಗೆ ಸಹಿಸಲಾಗದಿದ್ದದ್ದು ಖಾವೋಯಾ ಯಜಮಾನರ ಹಟ. ಅವರ ಕಿರಿಯ ಮಗಳು ನೆಲಿಮಾಳನ್ನು ಕೇಳಲು ಎಷ್ಟೋ ಸಲ ಅವರ ಮನೆಗೆ ಹೋಗಿ, ಪ್ರತಿ ಸಲವೂ ಚಹಾ ಕುಡಿದು ವಾಪಸ್ಸು ಬಂದಿದ್ದ. ತಪ್ಪು ಅವನದೇ. ಮೊದಲ ಭೇಟಿಯಲ್ಲಿ, ಯಜಮಾನರು ಪತ್ರಿಕೆಯನ್ನು ಮಾರುದ್ದ ದೂರ ಹಿಡಿದು ಓದುವುದನ್ನು ಕಂಡು, "ನಿಮಗೆ ಕನ್ನಡಕ ಬೇಕಾಗುತ್ತೆ" ಎಂದುಬಿಟ್ಟಿದ್ದ. "ನನ್ನ ಕಣ್ಣಲ್ಲೇ ಕುಂದು ಹುಡುಕೋನಿಗೆ ಮಗಳನ್ನ ಕೊಡ್ತೀನಾ?" ಎಂದ ಯಜಮಾನರು ಸಾಯುವವರೆಗೂ ಆ ಮಾತಿಗೆ ತಪ್ಪಲಿಲ್ಲ. ಸತ್ತದ್ದು ಕಳೆದ ವಾರ.

ಶುಕ್ರವಾರ ಬೆಳಿಗ್ಗೆ ಶವ ಊರಿಗೆ ಹೊರಡಬೇಕು ಎನ್ನುವಾಗ ಬಾಡಿಗೆಗೆ ಗೊತ್ತುಮಾಡಿದ್ದ ಗಾಡಿ ಕೈಕೊಟ್ಟಿತು. ಮುಖ್ವಾನ ಓಡಿಹೋಗಿ ತನ್ನ ಉದ್ದ ಕಾರನ್ನು ತಂದು ಶವಾಗಾರದ ಮುಂದೆ ನಿಲ್ಲಿಸಿದ. ಇಷ್ಟು ಉಪಕಾರ ಮಾಡಿದ ಮೇಲೆ ನೆಲಿಮಾಳನ್ನು ಕೊಡದೆ ಇರುತ್ತಾರೆಯೇ ಎಂದು ಅವನ ಆಸೆ. ಹಿಂದಿನ ಸೀಟು ಮಡಚಿ ಶವಪೆಟ್ಟಿಗೆ ಇಟ್ಟರು. ಅದರ ಪಕ್ಕ ಉಳಿದ ಸೀಟಿನಲ್ಲಿ ಹಿರಿಯ ಮಗಳು, ಕಾನ್ವೆಂಟಿನ ಸನ್ಯಾಸಿನಿ ಸಿಸ್ಟರ್ ಪರ್ಪೆಟುವಾ ಜಪಸರ ಹಿಡಿದು ಕುಳಿತರು. ಮುಂದೆ ಸತ್ತವರ ತಮ್ಮ ನಾಮಿಸಿ ಕುಳಿತರು. ಇನ್ನು ಆ ಮನೆಯಲ್ಲಿ ನಡೆಯುವುದು ಅವರ ಮಾತೇ. ನೆಲಿಮಾ, ಅವಳ ತಾಯಿ, ಮಿಕ್ಕ ನೆಂಟರೆಲ್ಲ ಬಸ್ಸಿನಲ್ಲಿ ಹಾಡುತ್ತ ಹಿಂದೆ ಹೊರಟರು. ಬಿಸಿಲು ಜೋರಾಗಿತ್ತು. ಶವಕ್ಕೆ ತೊಂದರೆಯಾಗದಿರಲಿ ಎಂದು ಮುಖ್ವಾನ ಎಸಿಯನ್ನು ಪೂರ್ತಿ ತಿರುಗಿಸಿದ.

ಆಸ್ಪತ್ರೆಯ ಗೇಟಿನಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಕಾರು ನಿಂತಿತು. ಎಂಜಿನ್ ಆರಿತು.

ಶವ ಹೊತ್ತ ಗಾಡಿ ದಾರಿಯಲ್ಲಿ ನಿಂತರೆ ಆ ಸೀಮೆಯಲ್ಲಿ ಯಾರೂ ಮೆಕ್ಯಾನಿಕ್‌ನನ್ನು ಕರೆಯುವುದಿಲ್ಲ. ಸತ್ತವರನ್ನು ಕೇಳುತ್ತಾರೆ.

"ಅಣ್ಣನಿಗೆ ಹೊರಡೋಕೆ ಮನಸ್ಸಿಲ್ಲ," ಎಂದರು ನಾಮಿಸಿ.

"ಹಾಗೇನಿಲ್ಲ ಯಜಮಾನ್ರೇ. ಇದು ಪೆಟ್ರೋಲ್ ಉಳಿಸೋಕೆ."

"ಯಾರು ಉಳಿಸ್ತಿರೋದು? ಅಣ್ಣನಾ?"

"ಅಲ್ಲ, ಎಂಜಿನ್ನು..."

"ಬದುಕಿದ್ದಾಗ ಒಂದು ಬೆಂಕಿಕಡ್ಡಿ ಉಳಿಸಿದೋನಲ್ಲ ಅವನು. ಸುಮ್ನೆ ಇರು."

ಕಾವಲುಗಾರ ದಾರಿ ಬಿಟ್ಟ. ಮುಖ್ವಾನ ಬ್ರೇಕಿನಿಂದ ಕಾಲು ತೆಗೆದ. ಎಂಜಿನ್ ಗುರುಗುಟ್ಟಿತು, ಗೇರು ಯೋಚಿಸಿತು, ಯೋಚಿಸಿ ನೆಗೆಯಿತು. ಮುಖ್ವಾನ ಬ್ರೇಕ್ ಮುಟ್ಟಿದ್ದೇ ತಡ, ಶವಪೆಟ್ಟಿಗೆ ನಾಮಿಸಿಯವರ ಸೀಟಿನ ಬೆನ್ನಿಗೆ ಧಡ್ ಎಂದು ಬಡಿಯಿತು.

"ಒದ್ದ!" ಎಂದರು ನಾಮಿಸಿ. "ನನಗೇ ಒದ್ದ."

ಅಲ್ಲಿಂದ ಅವರ ಮುಖ ಬಾಡಿತು. ಮುಂದೆ ಪೊಲೀಸರು ತಡೆದಲ್ಲಿ ಎಂಜಿನ್ ಮತ್ತೆ ಮೌನವಾದಾಗ, ಅವರೇ ಹಿಂದೆ ತಿರುಗಿ ಕೈಮುಗಿದರು. "ಅಣ್ಣಾ, ಆ ಕೆಂಪು ಹೋರಿ ವಿಷಯಾನಾ? ಅದು ಕಳೆದುಹೋಗಿರಲಿಲ್ಲ. ನಾನೇ ಮಾರಿದ್ದೆ. ತಪ್ಪಾಯ್ತು, ಬಿಟ್ಬಿಡು."

ಅದೇ ಗಳಿಗೆಯಲ್ಲಿ ಪೊಲೀಸಿನವನು ಹೋಗಿ ಎಂದು ಕೈ ಬೀಸಿದ, ಮುಖ್ವಾನ ಕಾಲು ತೆಗೆದ, ಎಂಜಿನ್ ಮಾತಾಡಿತು. ನಾಮಿಸಿ ಕಣ್ಣೊರೆಸಿಕೊಂಡರು. "ಕ್ಷಮಿಸಿದ," ಎಂದರು. ಸಿಸ್ಟರ್ ಶಿಲುಬೆಯ ಗುರುತು ಮಾಡಿಕೊಂಡರು.

ಚ್ವೆಲೆ ಸಂತೆಯ ಜನಜಂಗುಳಿಯಲ್ಲಿ ಕಾರು ಮೂರನೆಯ ಸಲ ನಿಂತಿತು. ಅಷ್ಟರಲ್ಲಿ ಸುದ್ದಿ ಫೋನಿನಲ್ಲಿ ಬಸ್ಸಿಗೂ ಮುಟ್ಟಿತ್ತು. ನೆಂಟರೆಲ್ಲ ಧಡಧಡ ಇಳಿದು ಬಂದು ಕಾರಿಗೆ ಮುತ್ತಿಕೊಂಡು, ಕಿಟಕಿಯ ಗಾಜುಗಳನ್ನೆಲ್ಲ ಇಳಿಸಿಸಿದರು. ಸೋದರಳಿಯನೊಬ್ಬ ರೇಡಿಯೋ ಕದ್ದದ್ದನ್ನು ಒಪ್ಪಿಕೊಂಡ. ಪಕ್ಕದ ಮನೆಯವನು ಬೇಲಿ ಸರಿಸಿದ್ದನ್ನು ಒಪ್ಪಿಕೊಂಡ. ಟೊಮೆಟೊ ಮಾರುವವಳೊಬ್ಬಳು ಸತ್ತವರು ಯಾರೆಂದು ತಿಳಿಯದೆಯೇ ತಕ್ಕಡಿಯ ವಿಷಯ ಒಪ್ಪಿಕೊಂಡಳು. ಮುಖ್ವಾನ ಬೆವರುತ್ತ, ಆ ಹಾಳು ಗುಂಡಿ ಇದೇ ಇರಬಹುದೆಂದು ಒಂದನ್ನು ಒತ್ತಿದ. ಒಳಗಿನಿಂದ ಹೆಣ್ಣುದನಿಯೊಂದು ಜಪಾನಿಯಲ್ಲಿ ಉದ್ದಕ್ಕೆ ಏನೋ ಹೇಳಿತು.

ಜನ ಹಿಂದೆ ಸರಿದರು. ಸತ್ತವರ ಹೆಂಡತಿ ಮಾತ್ರ ಮುಂದೆ ಬಂದರು.

"ಯಾರವಳು?" ಎಂದು ಶವಪೆಟ್ಟಿಗೆಯನ್ನು ಕೇಳಿದರು.

ಅವರನ್ನು ಸಮಾಧಾನ ಮಾಡಿ ಕರೆದುಕೊಂಡು ಹೋಗಲು ಇಬ್ಬರು ಬೇಕಾದರು. ಕಿಟಕಿಯ ಬಳಿ ನಿಂತಿದ್ದ ನೆಲಿಮಾ ಬಗ್ಗಿ ಮುಖ್ವಾನನ ಕಿವಿಯಲ್ಲಿ ಉಸಿರಿದಳು. ಕಾರಿನ ಚಾಳಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. "ಎಲ್ಲರ ಕೆಲಸಾನೂ ಆಯ್ತು. ನಮ್ಮದನ್ನೂ ಕೇಳಿಸು. ಕಾಲು ನಿನ್ನದೇ ಅಲ್ವಾ?"

ಸತ್ತವರ ಬಾಯಲ್ಲಿ ಸುಳ್ಳು ಹೇಳಿಸುವುದು ಪಾಪ. ಆದರೆ ಬದುಕಿದ್ದಾಗ ಅವರ ಬಾಯಲ್ಲಿ ಹೂಂ ಎನ್ನಿಸಲು ಇವನು ಪಟ್ಟ ಪಾಡೇನು ಕಡಿಮೆಯೇ! "ಯಜಮಾನ್ರೇ, ಮಾವನವರು... ಅಂದ್ರೆ ದೊಡ್ಡವರು... ನನ್ನ ವಿಷಯಕ್ಕೇ ನಿಂತಿರಬಹುದು. ನೆಲಿಮಾನ ನನಗೆ ಕೊಡೋಕೆ ಒಪ್ಪಿಗೇನಾ ಅಂತ ಒಂದ್ಸಲ ಕೇಳಿ," ಎಂದ.

ನಾಮಿಸಿ ಹಿಂದಕ್ಕೆ ತಿರುಗಿದರು. "ಅಣ್ಣಾ, ಈ ಕನ್ನಡಕದ ಹುಡುಗನಿಗೆ ನೆಲಿಮಾನ ಕೊಡೋಣವಾ?"

ಮುಖ್ವಾನ ಮೆಲ್ಲಗೆ ಕಾಲು ತೆಗೆದ. ಎಂಜಿನ್ ಶುರುವಾಯಿತು.

ಹೆಂಗಸರು ಕೇಕೆ ಹಾಕಿದರು. ನೆಲಿಮಾ ಅಳುವಂತೆ ಮುಖ ಮಾಡಿಕೊಂಡು ನಕ್ಕಳು. ಇನ್ನು ಹೊರಟುಬಿಡಬೇಕು ಎಂದು ಮುಖ್ವಾನ ಆಕ್ಸಿಲರೇಟರ್ ಒತ್ತಿದ. ಕಾರು ಕದಲಲಿಲ್ಲ. ಇನ್ನಷ್ಟು ಒತ್ತಿದ. ಎಂಜಿನ್ ಹುಯಿಲಿಟ್ಟಿತೇ ಹೊರತು ಗಾಲಿ ಉರುಳಲಿಲ್ಲ. ಬಿಸಿಲಿಗೆ ಗೇರು ಎಂದಿಗಿಂತ ಹೆಚ್ಚು ಯೋಚನೆಯಲ್ಲಿ ಬಿದ್ದಿತ್ತು.

"ತಡಿ," ಎಂದರು ನಾಮಿಸಿ. "ಒಪ್ಪಿದ್ದಾನೆ, ಆದ್ರೆ ಹೊರಡ್ತಿಲ್ಲ. ಏನೋ ಷರತ್ತಿದೆ. ಅಣ್ಣಾ, ನಿನಗೆ ಹೊಸ ಕಂಬಳಿ ಹೊದಿಸಬೇಕಾ? ಹುಡುಗ ಪೇಟೆ ಬಿಟ್ಟು ಹಳ್ಳಿಗೆ ಬರಬೇಕಾ? ಇಲ್ಲ, ದೊಡ್ಡವಳ ಮದುವೆ ಮೊದಲಾಗಬೇಕಾ?"

ಕಾರು ನೆಗೆಯಿತು.

ಮುಖ್ವಾನ ಬ್ರೇಕ್ ತುಳಿದಾಗ ಟೊಮೆಟೊ ರಾಶಿಗೂ ಕಾರಿಗೂ ಒಂದು ಗೇಣು ಉಳಿದಿತ್ತು. ಎಂಜಿನ್ ಆರಿತು. ಎಲ್ಲರೂ ಓಡಿಬಂದರು.

"ನ್ಯಾಯವಾದ ಮಾತೇ," ಎಂದರು ನಾಮಿಸಿ. "ಅಕ್ಕನದಾಗದೆ ತಂಗೀದು ಹೇಗೆ?"

ಇದು ಗೇರಿನ ಚೇಷ್ಟೆ, ಮಾವನ ಮಾತಲ್ಲ ಎಂಬ ಕೂಗು ಮುಖ್ವಾನನ ನಾಲಗೆಯ ತುದಿಗೆ ಬಂತು. ಆದರೆ ಷರತ್ತು ಗೇರಿನದಾದರೆ ಒಪ್ಪಿಗೆಯೂ ಮಾವನದಲ್ಲ, ಎಂಜಿನ್ನಿನದು ಎಂದಾಗುತ್ತದೆ. ನೆಲಿಮಾ ಕಿಟಕಿಯಾಚೆಯಿಂದ ಬೇಡ ಎಂದು ತಲೆಯಾಡಿಸಿದಳು. ಅವನು ಆ ಕೂಗನ್ನು ನುಂಗಿದ.

"ನನಗೆ ಮದುವೆ ಆಗಿದೆಯಲ್ಲ ಚಿಕ್ಕಪ್ಪ," ಎಂದರು ಸಿಸ್ಟರ್ ಪರ್ಪೆಟುವಾ ಶಾಂತವಾಗಿ. "ಯೇಸುಸ್ವಾಮಿಯನ್ನ ವರಿಸಿದ್ದೀನಿ. ಉಂಗುರ ನೋಡಿ."

ಮುಖ್ವಾನನಿಗೆ ಹೋದ ಜೀವ ಬಂದಂತಾಯಿತು. ಸಿಸ್ಟರ್ ಕಾಲಿಗೆ ಬೀಳಬೇಕೆನಿಸಿತು, ಶವಪೆಟ್ಟಿಗೆ ಅಡ್ಡವಿತ್ತು.

"ಉಂಗುರ ಇರಲಿ ಮಗಳೇ. ಗಂಡಿನ ಕಡೆಯಿಂದ ತೆರ ಬಂತಾ?" ಎಂದರು ನಾಮಿಸಿ. "ನಮ್ಮ ಅಂಗಳಕ್ಕೆ ಒಂದು ಹಸುವಿನ ಬಾಲವಾದ್ರೂ ಬಂತಾ? ಪಾದ್ರಿಗಳು ಬಂದ್ರು, ಕೋಳಿ ತಿಂದ್ರು, ನಿನ್ನನ್ನ ಕರ್ಕೊಂಡು ಹೋದ್ರು. ತೆರ ಕೊಡದೆ ಆದದ್ದನ್ನ ಮದುವೆ ಅಂತಾರಾ?"

"ಅವರು ಬಡವರ ದೇವರು, ಚಿಕ್ಕಪ್ಪ."

"ಅಳಿಯ ಬಡವನಾದ್ರೆ ಅವನ ಕಡೆಯವರು ಕೈಹಾಕ್ತಾರೆ. ಅವನ ಕಡೆಯವರು ಇಲ್ಲಿ ಯಾರಿದ್ದಾರೆ?"

ನೆಂಟರೆಲ್ಲ ಸುತ್ತ ನೋಡಿದರು. ನೋಡಿ ನೋಡಿ ಅವರ ಕಣ್ಣು ಮುಖ್ವಾನನ ಮೇಲೆ ಬಂದು ನಿಂತಿತು.

"ನಾನ್ಯಾಕೆ? ನನಗೂ ಅವರಿಗೂ ಏನು ನಂಟು?" ಎಂದ ಮುಖ್ವಾನ ಗಾಬರಿಯಿಂದ.

"ಅಕ್ಕನ ಗಂಡ ಅವನು. ತಂಗಿಯ ಗಂಡ ಆಗೋನು ನೀನು. ಏನಾಯ್ತು? ಷಡ್ಡಕ. ನಿನಗೋಸ್ಕರ ಶಿಲುಬೆಗೇರಿದ ಷಡ್ಡಕನ ಪರವಾಗಿ ನಾಲ್ಕು ಹಸು ಕೊಡೋಕಾಗಲ್ವೇನೋ?"

ಮುಖ್ವಾನನಿಗೆ ಕೊನೆಯ ಉಪಾಯವೊಂದು ಹೊಳೆಯಿತು. "ದೊಡ್ಡವರನ್ನೇ ಕೇಳಿಬಿಡಿ," ಎಂದವನೇ ಬಲಗಾಲಿನ ಮೇಲೆ ಮೈಯ ಭಾರವನ್ನೆಲ್ಲ ಹಾಕಿ ಬ್ರೇಕ್ ಒತ್ತಿ ಹಿಡಿದ. ಕಾಲು ತೆಗೆಯದೆ ಎಂಜಿನ್ ಮಾತಾಡದು. ಮೌನವೆಂದರೆ ಬೇಡವೆಂದೇ ಅರ್ಥ.

"ಅಣ್ಣಾ," ಎಂದರು ನಾಮಿಸಿ, "ದೊಡ್ಡಳಿಯನ ತೆರವನ್ನೂ ಈ ಹುಡುಗನೇ ಕೊಡಬೇಕಾ?"

ಕಾರು ಗೋರಿಯಷ್ಟು ನಿಶ್ಶಬ್ದವಾಗಿತ್ತು. ಉತ್ತರ ಕೇಳಲು ಜನ ನಾಲ್ಕೂ ಕಿಟಕಿಗಳಿಂದ ತಲೆ ಒಳಹಾಕಿದರು. ಸಂತೆಯ ಬಿಸಿಲು, ಬೆವರು, ಉಸಿರು ಎಲ್ಲವೂ ಅವರ ಜೊತೆಗೇ ಒಳಗೆ ಬಂತು. ಕಾರಿನೊಳಗೆ ಕಾವು ಏರಿತು. ಕಾವು ಏರಿದರೆ ಎಸಿ ನಡೆಸಲು ಎಂಜಿನ್ ಯಾರ ಕಾಲನ್ನೂ ಕೇಳದೆ ತಾನೇ ಏಳುತ್ತದೆ ಎಂಬುದನ್ನು ಮೊಂಬಾಸಾದ ದಲ್ಲಾಳಿ ಹೇಳಿರಲಿಲ್ಲ.

ಎಂಜಿನ್ ಎದ್ದಿತು.

ಮುಖ್ವಾನ ತನ್ನ ಕಾಲನ್ನು ನೋಡಿಕೊಂಡ. ಅದು ಬ್ರೇಕಿನ ಮೇಲೆಯೇ ಇತ್ತು. ಇಷ್ಟು ಹೊತ್ತೂ ಮಾತಾಡಿದ್ದು ಯಾರು ಎಂಬ ಅನುಮಾನ ಈಗ ಅವನಿಗೂ ಹುಟ್ಟಿತು. ಹಿಂದಿನಿಂದ ಸಿಸ್ಟರ್ ಅವನ ಭುಜ ತಟ್ಟಿದರು. "ಬೇಜಾರ್ ಮಾಡ್ಕೋಬೇಡಪ್ಪ. ನೀನು ಕೊಟ್ಟೆ ಅಂತ ಅವರಿಗೆ ನಾನೇ ಹೇಳ್ತೀನಿ."

"ಇಬ್ಬರ ಪಾಲಿನ ಹಸು ನಾನೆಲ್ಲಿಂದ ತರಲಿ?" ಎಂದ ಮುಖ್ವಾನ ಅಳುದನಿಯಲ್ಲಿ. "ಈ ಕಾರನ್ನೇ ಮಾರಬೇಕು, ಅಷ್ಟೇ."

"ಮಾರು, ಯಾರು ಬೇಡ ಅಂದ್ರು?" ಎಂದರು ನಾಮಿಸಿ, ಸೀಟಿನಲ್ಲಿ ಸರಿಯಾಗಿ ಕುಳಿತು ಹಿಂದಕ್ಕೆ ತಿರುಗುತ್ತ. "ಆದ್ರೆ ಅಣ್ಣ ಒಪ್ಪಬೇಕಲ್ಲ. ಕೇಳ್ಲಾ?"