ಹಸಿ ಫೋಟೋ, ಹಳೇ ಕಂಪ್ಯೂಟರ್

ನನ್ನ ಗಂಡ ಸುಭಾಸರಿಗೆ ನನ್ನ ಮೇಲೆ ಎಷ್ಟು ಪ್ರೀತಿಯಿದೆಯೋ ಗೊತ್ತಿಲ್ಲ. ಅವರ ಕಂಪ್ಯೂಟರಿನಲ್ಲಿರುವ ಫೋಟೋ ತಿದ್ದುವ ಸಾಫ್ಟ್‌ವೇರಿನ ಮೇಲಂತೂ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಇದೆ. ನಾನು ಸೊಸೆಯಾಗಿ ಬರುವ ಮೊದಲೇ ಅದು ಈ ಮನೆ ಸೇರಿತ್ತು. ಆ ಲೆಕ್ಕದಲ್ಲಿ ನನಗದು ಹಿರಿಯ ಸವತಿ. ಹಾನಗಲ್ಲಿನ ನಮ್ಮ ಪುಟ್ಟ ಸ್ಟುಡಿಯೋದಲ್ಲಿ ಫೋಟೋ ತೆಗೆಯುವವಳು ನಾನು, ತಿದ್ದಿ ಆಲ್ಬಮ್ ಮಾಡುವವರು ಅವರು. ಮದುಮಗಳ ಮೊಡವೆ ಮಾಯ ಮಾಡುವುದು, ಬೀಗರ ಬೋಳುತಲೆಯ ಹೊಳಪು ಇಳಿಸುವುದು, ಗುಂಪಿನಲ್ಲಿ ಕಣ್ಣು ಮುಚ್ಚಿದವರ ಕಣ್ಣು ತೆರೆಸುವುದು, ಇಂಥ ಸಮಸ್ತ ಪವಾಡಗಳೂ ಅದರಲ್ಲೇ ನಡೆಯುತ್ತವೆ.

"ಹೊಸಾದು ಹಾಕಿಸ್ರಿ" ಅಂದರೆ, "ಹೊಸಾದು ಈ ಕಂಪ್ಯೂಟರಿನ್ಯಾಗ ಕುಂಡ್ರೂದಿಲ್ಲ" ಅನ್ನುತ್ತಾರೆ.

"ಹಂಗಾರ ಕಂಪ್ಯೂಟರೂ ಬದಲಿ ಮಾಡ್ರಿ."

"ಆಮ್ಯಾಲೆ ಗಂಡನ್ನೂ ಬದಲಿ ಮಾಡ್ತಿ."

(ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಅವರು ಕಿವಿಗೆ ಹೆಡ್‌ಫೋನ್ ಏರಿಸಿಬಿಡುತ್ತಾರೆ.)

ಹೀಗಿರುವಾಗ ನಾನು ಹುಬ್ಬಳ್ಳಿಗೆ ಹೋಗಿ ಹೊಸ ಕ್ಯಾಮೆರಾ ತಂದೆ. ಅದರ ಬೆನ್ನಿಗೇ ನಾದಿನಿ ಅಂಕಿತಾಳ ಮಗಳ ತೊಟ್ಟಿಲು ಕಾರ್ಯ, ನಮ್ಮ ಮನೆಯಲ್ಲೇ. ಯಲವಿಗಿಯಿಂದ ಬೀಗರು ದಂಡು ಕಟ್ಟಿಕೊಂಡು ಬಂದಿದ್ದರು. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದೆ: "ಇವತ್ತ ಎಲ್ಲಾ ರಾ ಫೈಲಿನ್ಯಾಗ ತಗೀತೇನಿ!"

"ರಾ ಅಂದ್ರೇನವಾ?" ಅಂದರು ಅತ್ತೆ ಗುತ್ತೆವ್ವ.

"ಹಸೀದು, ಅತ್ತಿ. ಕ್ಯಾಮೆರಾ ಕಂಡದ್ದನ್ನ ಕಂಡಂಗ ಹಸೀದ ಇಡತೈತಿ. ಆಮ್ಯಾಲೆ ಕಂಪ್ಯೂಟರಿನ್ಯಾಗ ನಮಗ ಬೇಕಾದಂಗ ಬೇಯಿಸಿಕೊಳ್ಳೂದು."

"ಅಂದ್ರ ಉಣ್ಣಾಕ ಕುಂತ ಬೀಗರ ಮುಂದ ಹಿಟ್ಟು ಇಟ್ಟು, ರೊಟ್ಟಿ ಆಮ್ಯಾಲೆ ಬಡೀತೇವ್ರಿ ಅಂದಂಗಾತು."

ನಾನು ನಕ್ಕು ಮುಂದೆ ನಡೆದೆ. ನನ್ನ ಕಣ್ಣು ಗಂಡನ ಅಜ್ಜಿ ಫಕ್ಕೀರವ್ವನ ಮೇಲಿತ್ತು. ಕ್ಯಾಮೆರಾ ಕಂಡರೆ ಸಾಕು, ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ. ಊರಿಗೆಲ್ಲ ಫೋಟೋ ತೆಗೆಯುವ ನಮ್ಮ ಮನೆಯಲ್ಲಿ ಅಜ್ಜಿಯ ನೆಟ್ಟಗಿನ ಫೋಟೋ ಒಂದೂ ಇಲ್ಲ. ಅಂದು ಅವರು ಬೆಳಕಿಲ್ಲದ ಮೂಲೆಯಲ್ಲಿ ಕೂತು ಮರಿಮಗಳನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಕೂಸು ಅವರ ಮೂಗು ಹಿಡಿದೆಳೆಯಿತು. ಅಜ್ಜಿ ಸೆರಗು ಮರೆತು, ಬೊಚ್ಚುಬಾಯಿ ತೆರೆದು ನಕ್ಕುಬಿಟ್ಟರು. ನಾನು ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ.

ಮರುದಿನ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದೆ. ಸವತಿ ಮಹಾರಾಣಿ ಒಂದು ಸಣ್ಣ ಚೌಕದಲ್ಲಿ, ಈ ಬಗೆಯ ಫೈಲು ನನಗೆ ಗೊತ್ತಿಲ್ಲವೆಂದು ಇಂಗ್ಲಿಷಿನಲ್ಲಿ ಅಪ್ಪಣೆ ಕೊಡಿಸಿದಳು.

"ಹಳೇ ಕ್ಯಾಮೆರಾದ ರಾ ಫೈಲು ತಗೀತಿತ್ತಲ್ರೀ?" ಅಂದೆ.

"ಅದರ ಗುರುತಿತ್ತು. ಒಂದೊಂದು ಕ್ಯಾಮೆರಾದ್ದು ಒಂದೊಂದು ನಮೂನಿ. ನಿನ್ನ ಕ್ಯಾಮೆರಾ ಹುಟ್ಟೂಕಿಂತ ಮೊದಲಿನ ಸಾಫ್ಟ್‌ವೇರಿಗೆ ಅದರ ಗುರುತು ಹೆಂಗ ಹತ್ತಬೇಕು?"

ನಾನೂ ಸುಮ್ಮನಿರುವವಳಲ್ಲ. ಫೈಲಿನ ಹೆಸರಿನ ಬಾಲ ಕತ್ತರಿಸಿ, ಎಲ್ಲ ಕಂಪ್ಯೂಟರಿಗೂ ಗುರುತಿರುವ ಜೆಪೆಗ್ ಅನ್ನುವ ಬಾಲ ಅಂಟಿಸಿದೆ. ಮೊದಲು 'ಗೊತ್ತಿಲ್ಲ' ಅಂದಿದ್ದ ಸಾಫ್ಟ್‌ವೇರು ಈಗ 'ಫೈಲೇ ಕೆಟ್ಟಿದೆ' ಅಂದಿತು.

"ಹೆಸರು ಬದಲಿ ಮಾಡಿದ್ರ ಗುಣ ಬದಲಿ ಆಕ್ಕೈತೇನು?" ಅಂದರು ಇವರು.

"ನಿಮ್ಮ ಹೆಸರರೆ ಬದಲಿ ಮಾಡಿ ನೋಡಬೇಕು."

ಅಂಕಿತಾ ಬಾಗಿಲಲ್ಲಿ ಬಂದು ನಿಂತಳು. "ವೈನಿ, ಒಂದರೆ ಫೋಟೋ ಕೊಡ್ರಿ, ಸ್ಟೇಟಸ್ ಇಡತೇನಿ." ಬಣ್ಣ ತಿದ್ದುತ್ತಿದ್ದೇವೆಂದು ಸುಳ್ಳು ಹೇಳಿ ಕಳಿಸಿದೆ. ಅಷ್ಟರಲ್ಲಿ ಯಲವಿಗಿ ಬೀಗಿತ್ತಿಯ ಫೋನು. ಅತ್ತೆ ಗಟ್ಟಿದನಿಯಲ್ಲಿ ಹೇಳುವುದು ಕೇಳಿಸಿತು: "ಇಲ್ರಿ ಬೀಗ್ತಿ, ಇನ್ನೂ ಬೇಯಾಕತ್ತಾವಂತ್ರಿ."

ಕಾರ್ಡನ್ನು ತಿರುಗಿ ಹಾಕಿದರೆ ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆಯಲ್ಲಿ ಎಲ್ಲ ಫೋಟೋಗಳೂ ಕಾಣುತ್ತಿದ್ದವು, ಹೊರಗೆ ಮಾತ್ರ ಬರಲೊಲ್ಲವು. ಮೂಲೆಯಲ್ಲಿ ಮಸುಕಾಗಿ ನಗುವ ಅಜ್ಜಿಯನ್ನು ನೋಡುತ್ತ ನನಗೆ ಅಳುವೇ ಬಂತು. ಇನ್ನೊಮ್ಮೆ ನಗಿರಿ ಅಂದರೆ ನಗುವವರೇ ಅವರು? ನನ್ನ ಕಣ್ಣೀರು ಕಂಡು ಇವರು ಬೈಯುವುದು ಬಿಟ್ಟರು. ತಾವೇ ಸವಣೂರಿನ ಸುಹಾನಾಗೆ ಫೋನು ಹಚ್ಚಿದರು. ಸುಹಾನಾ ಅಲ್ಲಿ ಫೋಟೋ ಲ್ಯಾಬ್ ನಡೆಸುವ ನನ್ನ ಗೆಳತಿ.

"ಅಣ್ಣಾರ, ಆ ಫೈಲುಗಳನ್ನ ಡಿಎನ್‌ಜಿ ಅಂತ ಇನ್ನೊಂದು ನಮೂನಿಗೆ ಬದಲಿ ಮಾಡ್ರಿ. ಅದು ಹಳೇ ಸಾಫ್ಟ್‌ವೇರಿಗೂ ತಿಳೀತೈತಿ. ಬದಲಿ ಮಾಡೂ ಪ್ರೋಗ್ರಾಮು ಪುಕ್ಕಟ ಸಿಗತೈತ್ರಿ."

ಪುಕ್ಕಟೆಯ ಆ ಪ್ರೋಗ್ರಾಮೂ ನಮ್ಮ ಕಂಪ್ಯೂಟರಿನಲ್ಲಿ ಕೂರಲಿಲ್ಲ. "ನನ್ನ ಕಡೆ ಬಂದಬಿಡ್ರಿ" ಅಂದಳು ಪುಣ್ಯಾತ್ಮಳು. ಇವರು ಸ್ಟುಡಿಯೋಕ್ಕೆ ಬೀಗ ಹಾಕಿ ನನ್ನ ಜೊತೆ ಬಸ್ಸು ಹತ್ತಿದರು. ಸವಣೂರು ಬರುವವರೆಗೆ ಕಾರ್ಡು ಇಟ್ಟಿದ್ದ ಜೇಬಿನ ಮೇಲಿಂದ ಕೈ ತೆಗೆಯಲಿಲ್ಲ. ಸುಹಾನಾ ಕೆಲಸ ಹಚ್ಚಿಟ್ಟು ನಮಗೆ ಚಹಾ, ಸವಣೂರ ಖಾರಾ ಕೊಟ್ಟಳು. ನಾವು ಪ್ಲೇಟು ಖಾಲಿ ಮಾಡುವುದರೊಳಗೆ ಫೈಲುಗಳ ಜಾತಿ ಬದಲಾಗಿತ್ತು.

ಮನೆಗೆ ಬಂದು ಅವಳು ತುಂಬಿಕೊಟ್ಟ ಪೆನ್‌ಡ್ರೈವ್ ಹಾಕಿದರೆ ಸವತಿ ತಕರಾರಿಲ್ಲದೆ ಬಾಗಿಲು ತೆರೆದಳು! ಆದರೆ ಅಜ್ಜಿಯ ಮುಖ ಇದ್ದಲ್ಲಿ ಬರೀ ಕತ್ತಲು. ಇವರು ಮೂಗು ಪರದೆಗೆ ತಾಗುವಷ್ಟು ಬಾಗಿ ಕೂತು ಆ ಕತ್ತಲನ್ನು ತುಸುತುಸುವೇ ಎಬ್ಬಿಸಿದರು. ಮೊದಲು ಮೂಗಿನ ತುದಿ ಮೂಡಿತು, ಆಮೇಲೆ ಕೂಸಿನ ಬೆರಳು, ಕೊನೆಗೆ ಆ ನಗು. ಅಜ್ಜಿಯನ್ನು ಕರೆತಂದು ತೋರಿಸಿದೆವು.

"ಯಾರವಾ ಈ ಮುದುಕಿ?" ಅಂದರು ಅಜ್ಜಿ. "ಚಂದ ನಗತಾಳ."

ಆ ಕ್ಷಣ ಗಂಡ, ಸುಹಾನಾ, ಕೊನೆಗೆ ಆ ಹಳೇ ಕಂಪ್ಯೂಟರ್, ಎಲ್ಲರಿಗೂ ನಾನು ಮನಸ್ಸಿನಲ್ಲೇ ಕೈಮುಗಿದೆ.

ಯಲವಿಗಿಗೆ ಆಲ್ಬಮ್ ಹೋದ ಮೇಲೆ ಇವರು ಕ್ಯಾಮೆರಾ ಒರೆಸಲು ಕೂತರು. ಬದಿಯ ಮುಚ್ಚಳ ತೆರೆದವರು ನನ್ನನ್ನು ಕರೆದರು.

"ಸವಿತಾ, ಇದರಾಗ ಇನ್ನೊಂದು ಕಾರ್ಡು ಐತಲ್ಲ?"

ಹುಬ್ಬಳ್ಳಿಯ ಅಂಗಡಿಯವನು ಕ್ಯಾಮೆರಾದ ಎರಡನೇ ಕಾರ್ಡಿನ ಗೂಡಿನಲ್ಲೂ ಒಂದು ಕಾರ್ಡು ಕೂರಿಸಿ, ಏನೇನೋ ಹೊಂದಿಸಿ ಕೊಟ್ಟಿದ್ದ. ಹೊಸ ಕ್ಯಾಮೆರಾದ ಹುರುಪಿನಲ್ಲಿದ್ದ ನನ್ನ ಕಿವಿಗೆ ಅದು ಬಿದ್ದಿರಲಿಲ್ಲ, ಮೊದಲ ಕಾರ್ಡು ತೆಗೆಯುವಾಗ ಕಣ್ಣಿಗೂ ಬಿದ್ದಿರಲಿಲ್ಲ. (ಮಾಹಿತಿ ಪುಸ್ತಕ ಪ್ಲಾಸ್ಟಿಕ್ ಚೀಲದಲ್ಲಿ ಇನ್ನೂ ಸುಖವಾಗಿ ಮಲಗಿತ್ತು.) ಆ ಕಾರ್ಡನ್ನು ಹಾಕಿದರೆ ಎಲ್ಲ ಫೋಟೋಗಳೂ ಚಕಚಕನೆ ತೆರೆದವು. ನಾನು ಹಸಿ ಹಸಿ ಅಂತ ಕುಣಿಯುವಾಗ ಕ್ಯಾಮೆರಾ ಬೆಂದ ಜೆಪೆಗ್ ಪ್ರತಿಯನ್ನೂ ಪಕ್ಕದಲ್ಲೇ ಇಡುತ್ತ ಬಂದಿತ್ತು!

ನಾನು ಮುಖ ಮುಚ್ಚಿಕೊಂಡೆ. ಈ ಒಳ್ಳೆಯ ಮನುಷ್ಯ ನಗಲಿಲ್ಲ. "ಇದರಾಗ ಅಜ್ಜಿ ಮಾರಿ ಎಷ್ಟು ಎಬ್ಬಿಸಿದ್ರೂ ಕರ್ರಗ ಐತಿ ನೋಡು. ರಾ ಇದ್ದಿದ್ದಕ್ಕ ಆಕಿ ನಗು ಸಿಕ್ಕಿತು" ಅಂದರು. ಯಾರಿಗೂ ಹೇಳುವುದಿಲ್ಲವೆಂದು ಮಾತೂ ಕೊಟ್ಟರು.

ಮಾತು ಉಳಿಸಿಕೊಂಡಿದ್ದಾರೆ. ಆದರೆ ನಾನು ಹೊಸ ಕಂಪ್ಯೂಟರಿನ ಸುದ್ದಿ ತೆಗೆದರೆ ಸಾಕು, ತುಟಿ ಬಿಚ್ಚದೆ ಎರಡು ಬೆರಳು ತೋರಿಸುತ್ತಾರೆ, ಎರಡು ಕಾರ್ಡು ನೆನಪಿರಲಿ ಎಂದು. ನಾನು ಎದ್ದು ಕೆಲಸಕ್ಕೆ ನಡೆಯುತ್ತೇನೆ. ನಿನ್ನೆ ಎಲ್ಲರೂ ಊಟಕ್ಕೆ ಕೂತಾಗ ಮತ್ತೆ ಎರಡು ಬೆರಳು ಎತ್ತಿದರು. ಅತ್ತೆ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಮಗನನ್ನು ದುರುಗುಟ್ಟಿ ನೋಡಿದರು.

"ಹೋಗಿ ಬಾರೋ! ಅದಕ್ಕೂ ಹೆಂಡ್ತಿನ್ನ ಕೇಳಬೇಕೇನು?"

ಅಂಕಿತಾ ಕಿಸಕ್ಕನೆ ನಕ್ಕಳು. ಇವರು ಕಿವಿಯವರೆಗೆ ಕೆಂಪಾದರೂ ಕೊಟ್ಟ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ಇಷ್ಟು ಉಪಕಾರ ಮಾಡಿದವರ ಮಾನ ಹೋಗುವುದನ್ನು ನೋಡುತ್ತ ಕೂರಲಾದೀತೆ? ಎರಡು ಬೆರಳಿನ ಅರ್ಥವನ್ನು ನನ್ನ ಬಾಯಿಂದಲೇ ಮೊದಲಿನಿಂದ ಕೊನೆಯವರೆಗೆ ಬಿಡಿಸಿ ಹೇಳಿದೆ.

ಹೇಳಿ ಮುಗಿಸಿ ತಲೆ ಎತ್ತುವಷ್ಟರಲ್ಲಿ ಅತ್ತೆ ಎಡಗೈಯಲ್ಲಿ ಯಲವಿಗಿಗೆ ಫೋನು ಹಚ್ಚಿಯಾಗಿತ್ತು.